ದಂಡಕ್ಕೆ ರಿಯಾಯಿತಿ, ಮರ್ಯಾದೆಗೆ ಕತ್ತರಿ

ಸಾಮಾನ್ಯ ಮನುಷ್ಯನೊಬ್ಬ ಜೀವಮಾನದಲ್ಲಿ ಒಮ್ಮೆಯೂ ಕೋರ್ಟಿನ ಮೆಟ್ಟಿಲು ಹತ್ತದೆ ಇರಬಹುದು. ವಿಧಾನಸೌಧದ ಒಳಗೆ ಕಾಲಿಡದೆ ಇರಬಹುದು. ಅಷ್ಟೇಕೆ, ಕಳ್ಳತನವೋ ಜಗಳವೋ ಆಗದ ಹೊರತು ಪೊಲೀಸ್ ಠಾಣೆಯ ಬಾಗಿಲನ್ನೂ ಕಾಣದೆ ಇರಬಹುದು. ಆದರೆ ಒಂದು ಗಾಡಿ ಇದ್ದರೆ ಸಾಕು, ರಸ್ತೆಯ ತಿರುವಿನಲ್ಲಿ ಕೈ ಅಡ್ಡ ಹಿಡಿದು ನಿಂತ ಸಂಚಾರಿ ಪೊಲೀಸರನ್ನು ಆತ ಇವತ್ತಲ್ಲ ನಾಳೆ ಎದುರಿಸಲೇಬೇಕು. ಲಕ್ಷಾಂತರ ಜನರ ಪಾಲಿಗೆ ಕಾನೂನು ಎಂದರೆ, ಸರಕಾರ ಎಂದರೆ ಆ ಐದು ನಿಮಿಷ. ಅಲ್ಲಿ ಸಿಕ್ಕ ಅನುಭವವೇ ಅವರ ಮಟ್ಟಿಗೆ ಸಂವಿಧಾನ. ಆದ್ದರಿಂದಲೇ ಇದನ್ನು ಕ್ಷುಲ್ಲಕ ವಿಷಯವೆಂದು ಬದಿಗೆ ತಳ್ಳುವುದು ಸರಿಯಲ್ಲ.

ಆ ಐದು ನಿಮಿಷದಲ್ಲಿ ನಡೆಯುವುದೇನು? 'ಏಯ್, ಗಾಡಿ ಸೈಡಿಗೆ ಹಾಕು' ಎಂಬ ಏಕವಚನದಿಂದಲೇ ಮಾತು ಶುರುವಾಗುತ್ತದೆ. ಮೊದಲು ಕೈ ಹೋಗುವುದು ಗಾಡಿಯ ಕೀಲಿಗೆ. ನಂತರ ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಎಂಬ ಪಟ್ಟಿ. ಯಾವುದಾದರೊಂದು ಇಲ್ಲವೆಂದಾಗುವವರೆಗೂ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಎಲ್ಲರಿಗೂ ಒಂದೇ ಥರದ ಮಾತು ಸಿಗುತ್ತದೆಂದೂ ಹೇಳುವಂತಿಲ್ಲ. ಗಾಜು ಏರಿಸಿದ ದೊಡ್ಡ ಕಾರಿನವನಿಗೆ 'ಸಾರ್' ಎಂಬ ಸಂಬೋಧನೆ; ತರಕಾರಿ ಹೇರಿಕೊಂಡು ಮಾರುಕಟ್ಟೆಗೆ ಹೊರಟ ಗೂಡ್ಸ್ ಆಟೊದವನಿಗೆ, ಹಳೆಯ ಬೈಕಿನಲ್ಲಿ ಕೂಲಿಗೆ ಹೊರಟವನಿಗೆ 'ಲೇ' ಎಂಬ ಸಂಬೋಧನೆ. ಆತನ ಬಟ್ಟೆ, ಭಾಷೆ, ಹೆಸರು, ಗಾಡಿಯ ವಯಸ್ಸು ಎಲ್ಲವೂ ಅಲ್ಲಿ ತೂಕಕ್ಕೆ ಬೀಳುತ್ತವೆ. ಎಲ್ಲ ಪೊಲೀಸರೂ ಹೀಗೆ ಎಂದರೆ ಅನ್ಯಾಯವಾದೀತು. ಆದರೆ ಹೀಗೆ ನಡೆಯುವುದೇ ಇಲ್ಲ ಎನ್ನುವ ಧೈರ್ಯ ಪೊಲೀಸ್ ಅಧಿಕಾರಿಗಳಿಗೂ ಇರಲಾರದು.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲನಾ ಪರವಾನಗಿ ತೋರಿಸುವುದು 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ಅದರಲ್ಲಿ ಅನುಮಾನವಿಲ್ಲ. ಆದರೆ ಈ ದಾಖಲೆಗಳನ್ನು ಕಾಗದದಲ್ಲೇ ತೋರಿಸಬೇಕೆಂದಿಲ್ಲ. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ನಂತರ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗೂ ಅಷ್ಟೇ ಬೆಲೆಯಿದೆ. ನಮ್ಮ ರಾಜ್ಯದಲ್ಲಿ ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಇರುವುದು ಎಎಸ್‌ಐ ಮತ್ತು ಅದಕ್ಕಿಂತ ಮೇಲಿನ ದರ್ಜೆಯವರಿಗೆ. ಕಟ್ಟಿದ ದಂಡಕ್ಕೆ ರಸೀದಿ ಪಡೆಯುವುದು ಕಟ್ಟಿದವನ ಹಕ್ಕು. ಇನ್ನು ಓಡುತ್ತಿರುವ ಗಾಡಿಯ ಕೀಲಿ ಕಿತ್ತುಕೊಳ್ಳುವುದಾಗಲಿ, ಸವಾರನ ತೋಳು ಹಿಡಿದು ಎಳೆಯುವುದಾಗಲಿ ಕಾಯ್ದೆ ಹೇಳಿಕೊಟ್ಟ ತಪಾಸಣೆಯ ವಿಧಾನವಲ್ಲ.

ಇದನ್ನು ಹೇಳಿದ್ದು ಬರೀ ಹೋರಾಟಗಾರರಲ್ಲ, ಪೊಲೀಸ್ ಇಲಾಖೆಯ ಮುಖ್ಯಸ್ಥರೇ ಹೇಳಿದ್ದಾರೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ದಾಖಲೆ ಪರಿಶೀಲನೆಯ ನೆಪದಲ್ಲಿ ಯಾವ ವಾಹನವನ್ನೂ ನಿಲ್ಲಿಸಬಾರದು ಎಂದು 2022ರ ಜೂನ್‌ನಲ್ಲಿ ಅಂದಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಬಹಿರಂಗವಾಗಿಯೇ ತಿಳಿಸಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಟೋಯಿಂಗ್ ಸಿಬ್ಬಂದಿಯ ವರ್ತನೆಗೆ ಜನ ರೊಚ್ಚಿಗೆದ್ದ ಪರಿಣಾಮ ಸರಕಾರ ಟೋಯಿಂಗನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ವರ್ಷದ ಕೊನೆಗೆ ಸಂಚಾರಿ ಪೊಲೀಸರು ಮೈಮೇಲೆ ಕ್ಯಾಮೆರಾ ಧರಿಸಿಯೇ ಕೆಲಸ ಮಾಡಬೇಕೆಂಬ ಸೂಚನೆಯೂ ಹೊರಬಿತ್ತು. ಆದೇಶಗಳಿಗೇನೂ ಕೊರತೆ ಇರಲಿಲ್ಲ. ಆದರೆ ಮೇಲಿನ ಕೋಣೆಯಲ್ಲಿ ಹೊರಟ ಆದೇಶ ಕೆಳಗಿನ ರಸ್ತೆಗೆ ತಲುಪಿತೇ?

ಈ ಪ್ರಶ್ನೆಗೆ ಮಂಡ್ಯದಲ್ಲಿ ಅತ್ಯಂತ ದಾರುಣವಾದ ಉತ್ತರ ಸಿಕ್ಕಿತು. 2025ರ ಮೇ 26ರಂದು ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಹೆತ್ತವರು ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಯ ಹೆಸರಿನಲ್ಲಿ ಸಂಚಾರಿ ಪೊಲೀಸರು ಬೈಕನ್ನು ತಡೆದಾಗ ಆಯ ತಪ್ಪಿತು. ಮಗು ರಸ್ತೆಗೆ ಬಿತ್ತು. ಬಂದ ವಾಹನದ ಚಕ್ರ ಅದರ ಮೇಲೆ ಹರಿಯಿತು. ನಾಲ್ಕು ವರ್ಷವೂ ತುಂಬದ ಮಗು. ಮೂವರು ಎಎಸ್‌ಐಗಳು ಅಮಾನತಾದರು. ಘಟನೆಯ ಬಳಿಕ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ಗಾಡಿಗೆ ಹಠಾತ್ತನೆ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ನಿಲ್ಲಿಸಬಾರದು ಎಂಬುದು ಅದರ ಸಾರ. ಓದಿದಾಗ ಒಳ್ಳೆಯದೆನಿಸುತ್ತದೆ. ಆದರೆ 2022ರಲ್ಲಿ ಹೇಳಿದ್ದನ್ನೇ 2025ರಲ್ಲಿ ಮತ್ತೆ ಹೇಳಬೇಕಾಗಿ ಬಂದದ್ದೇಕೆ? ಮೊದಲ ಮಾತನ್ನು ಯಾರೂ ಪಾಲಿಸದಿದ್ದಾಗ ಕೇಳುವವರು ಇರಲಿಲ್ಲ ಎಂದೇ ಅಲ್ಲವೇ? ಒಂದು ಮಗುವಿನ ಜೀವ ಹೋಗುವ ತನಕ ಸುತ್ತೋಲೆಗೆ ಜೀವ ಬರುವುದಿಲ್ಲ ಎಂದಾದರೆ ಅದು ಇಲಾಖೆಯ ಲೋಪವೇ ಹೊರತು ಮೂವರು ಎಎಸ್‌ಐಗಳದ್ದು ಮಾತ್ರವಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೆಲ್ಮೆಟ್ ಕೇಳುವುದೇ ಕಿರುಕುಳ ಎಂಬ ವಾದ ನಮ್ಮದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಇವರಲ್ಲಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರೇ ಸುಮಾರು 50 ಸಾವಿರ. ಕರ್ನಾಟಕವೊಂದರಲ್ಲೇ ಆ ವರ್ಷ 11 ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಪ್ರಾಣ ಬಿಟ್ಟರು. ಇದು ಸಣ್ಣ ಸಾವಿನ ಸಂಖ್ಯೆಯಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂದು 2016ರ ಜನವರಿಯಲ್ಲಿ ರಾಜ್ಯ ಸರಕಾರ ಹೇಳಿದಾಗ ಗೊಣಗಿದವರು ನಾವೇ. ಹಾಗಾಗಿ ಕಾನೂನು ಬೇಕು, ಅದರ ಪಾಲನೆಯೂ ಬೇಕು. ನಮ್ಮ ತಕರಾರು ಇರುವುದು ಪಾಲನೆಯ ಉದ್ದೇಶ ಮತ್ತು ವಿಧಾನದ ಬಗ್ಗೆ.

ಉದ್ದೇಶ ಪ್ರಾಣ ಉಳಿಸುವುದೋ, ಖಜಾನೆ ತುಂಬಿಸುವುದೋ?

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯಲ್ಲಿ ದಂಡದ ಮೊತ್ತವನ್ನು ಹಲವು ಪಟ್ಟು ಏರಿಸಲಾಯಿತು. ಆದಾಯ ನಮ್ಮ ಗುರಿಯಲ್ಲ, ಜೀವ ಉಳಿಸುವುದೇ ಗುರಿ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಸಮರ್ಥಿಸಿಕೊಂಡರು. ಜನರ ಸಿಟ್ಟು ಏರಿದಾಗ ಗುಜರಾತ್ ದಂಡ ಇಳಿಸಿತು. ಅದೇ ತಿಂಗಳು ಕರ್ನಾಟಕವೂ ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರ ನಿಗದಿ ಮಾಡಿದ್ದ 1,000 ರೂಪಾಯಿ ನಮ್ಮಲ್ಲಿ 500 ಆಯಿತು. ಬಡವರ ಹೊರೆ ಇಳಿದದ್ದು ಒಳ್ಳೆಯದೇ. ಆದರೆ ನಂತರ ನಡೆದದ್ದು ವಿಚಿತ್ರ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಘೋಷಣೆಯಾಯಿತು. ಜನ ಠಾಣೆಗಳ ಮುಂದೆ ಸಾಲುಗಟ್ಟಿದರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಸಂಗ್ರಹವಾಯಿತು. ಆ ಖುಷಿಯಲ್ಲಿ ಅದೇ ವರ್ಷ ರಿಯಾಯಿತಿ ಮತ್ತೆ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ ಬಂತು.

ಬಟ್ಟೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿ ಇರುತ್ತದೆ. ಗಿರಾಕಿ ಆಷಾಢ ಬರಲೆಂದು ಕಾಯುತ್ತಾನೆ. ದಂಡಕ್ಕೂ ಹಾಗೆ ಋತುಮಾನ ಬಂದರೆ ಜನ ಕಲಿಯುವ ಪಾಠವೇನು? ಸಿಗ್ನಲ್ ಹಾರಿದ ದಿನವೇ ಪೂರ್ತಿ ದಂಡ ಕಟ್ಟಿದ ಪ್ರಾಮಾಣಿಕ ಪೆದ್ದನಾದ. ಹತ್ತು ಸಲ ಹಾರಿ ಎರಡು ವರ್ಷ ಕಾದವನು ಜಾಣನಾದ. ತಪ್ಪಿಗೂ ದಂಡಕ್ಕೂ ನಡುವೆ ಇದ್ದ ನೈತಿಕ ಸಂಬಂಧ ಕಡಿದುಹೋಗಿ ಅಲ್ಲೊಂದು ವ್ಯಾಪಾರದ ಸಂಬಂಧ ಹುಟ್ಟಿಕೊಂಡಿತು. ಬಾಕಿ ಪ್ರಕರಣಗಳ ಹೊರೆ ಇಳಿಸಲು ಇದು ಅನಿವಾರ್ಯವಾಗಿತ್ತೆಂದು ಸರಕಾರ ಹೇಳಬಹುದು. ಹಾಗಾದರೆ ಬಾಕಿ ಅಷ್ಟೊಂದು ಬೆಳೆದದ್ದೇಕೆ? ಬಡ ಆಟೊ ಚಾಲಕನನ್ನು ನಡುರಸ್ತೆಯಲ್ಲಿ ತಡೆದು 500 ರೂಪಾಯಿ ವಸೂಲಿ ಮಾಡುವ ಚುರುಕುತನ, ಸಾವಿರಾರು ರೂಪಾಯಿ ಬಾಕಿ ಇಟ್ಟುಕೊಂಡು ಓಡಾಡುವ ಶ್ರೀಮಂತರ ಗಾಡಿಗಳ ವಿಷಯದಲ್ಲಿ ಕಾಣದಿರುವುದೇಕೆ?

ಉದ್ದೇಶ ಸರಿಯಿದ್ದರೆ ವಿಧಾನವೂ ಸರಿಯಾಗುತ್ತದೆ ಎಂಬುದಕ್ಕೂ ಅದೇ ಮಂಡ್ಯ ಜಿಲ್ಲೆಯ ಮೂಲಕ ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿ ಸಾಕ್ಷಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಮೊದಲ ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಗ ವೇಗಕ್ಕೆ ಗಂಟೆಗೆ 100 ಕಿಲೋಮೀಟರ್ ಮಿತಿ ಹಾಕಿ, ವೇಗ ಅಳೆಯುವ ಯಂತ್ರಗಳನ್ನೂ ಕ್ಯಾಮೆರಾಗಳನ್ನೂ ತಂದರು. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ಕ್ಯಾಮೆರಾ ಯಾರನ್ನೂ 'ಲೇ' ಎನ್ನುವುದಿಲ್ಲ, ಕೀಲಿ ಕಿತ್ತುಕೊಳ್ಳುವುದಿಲ್ಲ, ಶಾಸಕರ ಫೋನಿಗೆ ಬಗ್ಗುವುದಿಲ್ಲ. ಓಡುವ ಬೈಕಿಗೆ ಅಡ್ಡ ನಿಂತು ಅಪಾಯ ತಂದೊಡ್ಡುವುದೂ ಇಲ್ಲ. ಯಂತ್ರವೂ ತಪ್ಪು ಮಾಡುತ್ತದೆ, ನಂಬರ್ ಪ್ಲೇಟು ತಪ್ಪಾಗಿ ಓದಿ ಯಾರದೋ ಮನೆಗೆ ಚಲನ್ ಕಳಿಸುತ್ತದೆ ನಿಜ. ಅದಕ್ಕೆ ತಕರಾರು ಸಲ್ಲಿಸುವ ಸುಲಭ ದಾರಿ ಬೇಕು. ಆದರೆ ಯಂತ್ರದ ತಪ್ಪನ್ನು ತಿದ್ದಬಹುದು, ಲಾರಿ ಚಕ್ರದಡಿ ಸಿಕ್ಕ ಜೀವವನ್ನು ತರಲಾಗದು.

ಇನ್ನೊಂದು ಸಂಗತಿ ಇದೆ. 2019ರ ಅದೇ ತಿದ್ದುಪಡಿಯಲ್ಲಿ ಜನರಿಗೆ ಯಾರೂ ಓದಿ ಹೇಳದ ಎರಡು ಕಲಮುಗಳಿವೆ. ಒಂದು, 210ಬಿ. ಕಾಯ್ದೆಯನ್ನು ಜಾರಿಗೊಳಿಸಬೇಕಾದವರೇ ಅದನ್ನು ಮುರಿದರೆ ಅವರಿಗೆ ದುಪ್ಪಟ್ಟು ದಂಡ ಎನ್ನುತ್ತದೆ ಅದು. ಇನ್ನೊಂದು, 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವುನೋವಿಗೆ ಕಾರಣರಾದ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ರಸ್ತೆಗುಂಡಿಗಳಿಂದಾಗಿ 2022ರಲ್ಲಿ ದೇಶದಲ್ಲಿ 1,800ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹೆಲ್ಮೆಟ್ ಇಲ್ಲದ ಕೂಲಿಕಾರನನ್ನು ಮರದ ಮರೆಯಲ್ಲಿ ಅಡಗಿ ಹಿಡಿಯುವ ವ್ಯವಸ್ಥೆ, ಗುಂಡಿ ಬಿಟ್ಟುಹೋದ ಗುತ್ತಿಗೆದಾರನನ್ನು ಹಿಡಿಯಲು ಯಾವ ಮರದ ಹಿಂದೆ ನಿಂತಿದೆ? ಕಾನೂನಿನ ಭಾರವೆಲ್ಲ ಕೆಳಗಿನವನ ಹೆಗಲಿಗೆ ಮಾತ್ರ ಎಂದಾದಾಗ ಅದರ ಮೇಲಿನ ಗೌರವ ತಾನಾಗಿಯೇ ಕರಗುತ್ತದೆ.

ಹಾಗೆಂದು ನಾವೇನು ಸಾಚಾಗಳೇ? ಪೊಲೀಸರ ಲಂಚದ ಬಗ್ಗೆ ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು, ಸಿಕ್ಕಿಬಿದ್ದಾಗ ಮೊದಲು ಹೇಳುವ ಮಾತೇ 'ಸಾರ್, ಏನಾದ್ರೂ ಅಡ್ಜಸ್ಟ್ ಮಾಡಿ' ಎಂದು. 500ರ ರಸೀದಿಗಿಂತ 200ರ 'ಮಾಮೂಲು' ಲಾಭ ಎಂಬ ಲೆಕ್ಕ ನಮ್ಮದು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ ಎಂಬುದು ನಮಗೆ ಬೇಕಿಲ್ಲ. ಇನ್ನು ಸ್ವಲ್ಪ ಪ್ರಭಾವ ಇದ್ದವರಿಗೆ ಜೇಬಿನಿಂದ ಫೋನ್ ತೆಗೆದು ಕಾರ್ಪೊರೇಟರನಿಗೋ ಮುಖಂಡನಿಗೋ ಹಚ್ಚುವುದು ಪ್ರತಿಷ್ಠೆಯ ವಿಷಯ. ಹದಿನೈದರ ಮಗನ ಕೈಗೆ ಬೈಕ್ ಕೊಟ್ಟು ಹೆಮ್ಮೆಪಡುವ ತಂದೆ, ಆ ತಪ್ಪಿಗೆ ತನಗೇ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದೆಂದು ತಿಳಿದಾಗ ಕಾನೂನನ್ನೇ ಶಪಿಸುತ್ತಾನೆ. ಹೀಗೆ ರಸ್ತೆಬದಿಯಲ್ಲಿ ನಡೆಯುವ ಭ್ರಷ್ಟಾಚಾರಕ್ಕೆ ಎರಡು ಕೈಗಳಿವೆ. ಒಂದು ಖಾಕಿ ತೋಳಿನದ್ದು, ಇನ್ನೊಂದು ನಮ್ಮದೇ.

ಆ ಖಾಕಿ ತೋಳಿನ ಕಷ್ಟವನ್ನೂ ಮರೆಯಬಾರದು. ಬಿಸಿಲು, ಹೊಗೆ, ಧೂಳಿನ ನಡುವೆ ದಿನವಿಡೀ ನಿಂತಿರುವ ಪೇದೆಗೆ ಕೂರಲು ಜಾಗವಿಲ್ಲ, ಎಷ್ಟೋ ಕಡೆ ಹತ್ತಿರದಲ್ಲಿ ಶೌಚಾಲಯವಿಲ್ಲ. ಮಹಿಳಾ ಸಿಬ್ಬಂದಿಯ ಪಾಡು ಹೇಳುವುದೇ ಬೇಡ. ಸಂಜೆ ಠಾಣೆಗೆ ಹೋದಾಗ 'ಇವತ್ತು ಎಷ್ಟು ಕೇಸು?' ಎಂಬ ಪ್ರಶ್ನೆ ಕಾದಿರುತ್ತದೆ. ಎಷ್ಟು ಕೇಸು ಎಂದು ಕೇಳುವ ವ್ಯವಸ್ಥೆ, ನಿನ್ನ ವೃತ್ತದಲ್ಲಿ ಈ ತಿಂಗಳು ಎಷ್ಟು ಅಪಘಾತ ತಪ್ಪಿತು ಎಂದು ಎಂದಾದರೂ ಕೇಳಿದೆಯೇ? ಸಂಖ್ಯೆಯಿಂದ ಅಳೆದರೆ ಆತ ಸಂಖ್ಯೆಯನ್ನೇ ತರುತ್ತಾನೆ, ಸುರಕ್ಷತೆಯನ್ನಲ್ಲ. ಸಂಖ್ಯೆ ಸುಲಭವಾಗಿ ಸಿಗುವುದು ಪ್ರತಿಭಟಿಸಲಾರದ ಬಡವನಿಂದ. ಸಮಸ್ಯೆಯ ಬೇರು ಇರುವುದು ಇಲ್ಲಿ.

ಪರಿಹಾರಕ್ಕೆ ಹೊಸ ಕಾನೂನೇನೂ ಬೇಡ. ಪೊಲೀಸರ ವಿರುದ್ಧದ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ ಇರಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. 2012ರಲ್ಲಿ ರಾಜ್ಯದ ಪೊಲೀಸ್ ಕಾಯ್ದೆಗೆ ತಿದ್ದುಪಡಿಯಾಗಿ ಅದಕ್ಕೆ ಅವಕಾಶವೂ ಸಿಕ್ಕಿತು. ಇಂಥದ್ದೊಂದು ಇದೆ ಎಂಬುದು ರಸ್ತೆಯಲ್ಲಿ ಅವಮಾನಿತನಾದ ಎಷ್ಟು ಚಾಲಕರಿಗೆ ಗೊತ್ತು? ಪ್ರತಿ ತಪಾಸಣೆಯ ಜಾಗದಲ್ಲಿ ಚಾಲಕನ ಹಕ್ಕು, ಅಧಿಕಾರಿಯ ದರ್ಜೆ, ದೂರು ಕೊಡುವ ವಿಳಾಸ ಬರೆದ ಒಂದು ಕನ್ನಡ ಫಲಕ ನಿಲ್ಲಿಸಲು ಎಷ್ಟು ಖರ್ಚಾದೀತು? ಮೈಮೇಲಿನ ಕ್ಯಾಮೆರಾ ಸದಾ ಚಾಲೂ ಇರಬೇಕು, ದೂರು ಬಂದಾಗ ಅದರ ದೃಶ್ಯ ಸಿಗಬೇಕು. ರಸ್ತೆಯ ನಡುವೆ ನಿಂತು ತಡೆಯುವ ಬದಲು ನಂಬರ್ ಬರೆದುಕೊಂಡು ಮನೆಗೆ ಚಲನ್ ಕಳಿಸಬೇಕು. ಮಗು, ರೋಗಿ, ಗರ್ಭಿಣಿ ಗಾಡಿಯಲ್ಲಿದ್ದರೆ ಮೊದಲು ದಾರಿ, ಆಮೇಲೆ ದಂಡ ಎಂಬುದು ಸುತ್ತೋಲೆಯ ಸಾಲಾಗದೆ ತರಬೇತಿಯ ಮೊದಲ ಪಾಠವಾಗಬೇಕು.

ನಾವೂ ಮಾಡಬೇಕಾದ್ದಿದೆ. ಹೆಲ್ಮೆಟನ್ನು ಪೊಲೀಸರಿಗಾಗಿ ಅಲ್ಲ, ತಲೆಗಾಗಿ ಧರಿಸೋಣ. ತಪ್ಪು ಮಾಡಿದ್ದರೆ ದಂಡ ಕಟ್ಟಿ ರಸೀದಿ ಪಡೆಯೋಣ. ತಪ್ಪು ಮಾಡದೆ ಅವಮಾನವಾದರೆ ಸುಮ್ಮನಿರದೆ ಬರವಣಿಗೆಯಲ್ಲಿ ದೂರು ಕೊಡೋಣ. ಪೇದೆಯನ್ನೂ 'ನೀವು' ಎಂದೇ ಮಾತಾಡಿಸೋಣ, ಅವರಿಂದಲೂ ಅದನ್ನೇ ನಿರೀಕ್ಷಿಸೋಣ. ದಂಡಕ್ಕೆ ವರ್ಷಕ್ಕೊಮ್ಮೆ ರಿಯಾಯಿತಿ ಕೊಡುವ ಸರಕಾರದಿಂದ ನಾವು ಕೇಳಬೇಕಾದದ್ದು ಇನ್ನೊಂದು ರಿಯಾಯಿತಿಯನ್ನಲ್ಲ. ರಸ್ತೆಯಲ್ಲಿ ತಡೆದು ನಿಲ್ಲಿಸುವಾಗ, ನಿಂತವನೂ ಒಬ್ಬ ಪ್ರಜೆ, ಆತನ ಹಿಂದೆ ಕೂತದ್ದು ಯಾರದೋ ಮಗು ಎಂಬ ಎಚ್ಚರವನ್ನು ಕೇಳಬೇಕು.