ಮುಟ್ಟಿದ ಕೈ ಯಾರದು?

ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಅಜ್ಜಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ನಾನು ಒಳಗೊಳಗೇ ನಕ್ಕಿದ್ದೆ. ಕೆಲವು ವರ್ಷಗಳ ನಂತರ, ಬಳ್ಳಾರಿಯಿಂದ ಹೊರಟು ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನದ ಬಂಡೆಯ ಮುಂದೆ ನಿಂತಾಗ, ನನ್ನ ಕೈಯೂ ತಾನಾಗಿಯೇ ಮುಂದೆ ಹೋಯಿತು.

ನಿಟ್ಟೂರು, ಉದೆಗೊಳಂ ಶಾಸನಗಳು 1970ರ ದಶಕದಲ್ಲಿ ಬೆಳಕಿಗೆ ಬಂದವು. ಮಸ್ಕಿಯಲ್ಲಿರುವಂತೆ ಇಲ್ಲಿಯೂ ‘ಅಶೋಕ’ ಎಂಬ ಹೆಸರೇ ಇದೆ. ನನ್ನನ್ನು ಸೆಳೆದದ್ದು ಆ ಹೆಸರು. ಆದರೆ ಅಕ್ಷರ ಕೊರೆದದ್ದು ಅರಸನಲ್ಲ, ಹೆಸರಿಲ್ಲದ ಒಬ್ಬ ಕಲ್ಲುಕುಟಿಗ. ಹಾಗಾದರೆ ನಾನು ಮುಟ್ಟಲು ಹೊರಟದ್ದು ಯಾರನ್ನು?

ಬೌದ್ಧ ಪರಂಪರೆ ಪೂಜ್ಯ ವಸ್ತುಗಳನ್ನು ಮೂರಾಗಿ ವಿಂಗಡಿಸುತ್ತದೆ: ದೇಹದ ಅವಶೇಷ, ಬಳಸಿದ ವಸ್ತು, ನೆನಪಿಗಾಗಿ ಮಾಡಿದ್ದು. ಮೂರನೆಯದರಲ್ಲಿ ಸ್ಪರ್ಶವೇ ಇಲ್ಲ. ಇರುವುದು ನೋಡುವವರ ನೆನಪು. ಉಳಿದೆರಡಕ್ಕೂ ಬೆಲೆ ತರುವುದು ಅದೇ ನೆನಪು ಎಂದು ನನ್ನ ಅನಿಸಿಕೆ. 2015ರಲ್ಲಿ ಕುಪ್ಪಳಿಯ ಕವಿಮನೆಯಿಂದ ಕುವೆಂಪು ಅವರ ಪದ್ಮ ಪದಕಗಳು ಕಳುವಾದಾಗ ಓದುಗರು ನೊಂದದ್ದು ಲೋಹಕ್ಕಲ್ಲ. ಕಳ್ಳನಿಗೆ ಕಂಡದ್ದು ಲೋಹ, ಓದುಗನಿಗೆ ಕವಿಯ ಸನಿಹ.

ಆದ್ದರಿಂದ ಈ ಗೌರವವನ್ನು ಬರೀ ಮೌಢ್ಯವೆಂದು ತಳ್ಳಿಹಾಕಲಾರೆ. ನನ್ನ ತಕರಾರು ಬೇರೆ. ಸ್ಮಾರಕದಲ್ಲಿ ಲೇಖಕರ ಕನ್ನಡಕ, ಪೆನ್ನು ನೋಡಿ ಕೈಮುಗಿದವರು ಮನೆಗೆ ಬಂದು ಅವರ ಪುಸ್ತಕ ತೆರೆಯದಿದ್ದರೆ, ಆ ಸನಿಹ ಅಲ್ಲಿಗೇ ಮುಗಿಯಿತು. ನಿಟ್ಟೂರಿನ ಬಂಡೆಯೂ ಕೇಳುವುದು ನಮಸ್ಕಾರವನ್ನಲ್ಲ. ತಂದೆತಾಯಿಗಳ ಮಾತು ಕೇಳಿ, ಜೀವಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂಬುದು ಅದರ ಬೇಡಿಕೆ.

ಅಜ್ಜಿಗೆ ಓದು ಬಾರದು. ಅವಳಿಗೆ ಮುಟ್ಟುವುದೇ ದಾರಿ. ನಾನು ಬ್ರಾಹ್ಮಿ ಕಲಿತವನು. ಆದರೂ ಮೊದಲು ಚಾಚಿದ್ದು ಕೈಯನ್ನೇ.