ನಲಿ-ಕಲಿಗೆ ಚೌಕಾಬಾರದ ಪಾಠ

ನಲಿ-ಕಲಿ ಕೋಣೆಗೆ ಹೋದರೆ ತಲೆಯ ಮೇಲೆ ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರ, ಮಕ್ಕಳ ಕೈಗೆಟಕುವಷ್ಟು ಕೆಳಗೆ ಕಪ್ಪು ಹಲಗೆ, ಗೋಡೆಗೆ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ. ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಕಟ್ಟಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೂ ಬಂತು. ಮಗು ತನ್ನ ವೇಗಕ್ಕೆ ತಕ್ಕಂತೆ ಏಣಿ ಹತ್ತುತ್ತದೆ, ಹಿಂದೆ ಬಿದ್ದೆನೆಂಬ ಅಂಜಿಕೆ ಇಲ್ಲ. ಈ ಒಂದು ಕಾರಣಕ್ಕೇ ನಲಿ-ಕಲಿ ನಮ್ಮ ಶಾಲೆಗಳ ದೊಡ್ಡ ಗಳಿಕೆ.

ಆದರೆ ಆಟದ ವಿಷಯಕ್ಕೆ ಬಂದರೆ ನನಗೆ ತಕರಾರಿದೆ. ತರಗತಿಯಲ್ಲಿ ಆಟ ಎಂದರೆ ಹೆಚ್ಚಾಗಿ ದಾಳ ಎಸೆ, ಬಂದ ಮನೆಯ ಅಕ್ಷರ ಓದು, ಮುಂದೆ ಹೋಗು. ಹಾವು-ಏಣಿಯ ಪಟದ ಮೇಲೆ ಮಗ್ಗಿ ಬರೆದರೂ ಅಷ್ಟೇ. ಮಗು ಆರಿಸಿಕೊಳ್ಳುವುದು ಏನೂ ಇಲ್ಲ, ದಾಳ ಹೇಳಿದಂತೆ ನಡೆಯಬೇಕು. ಪಾಠವನ್ನು ಆಟಕ್ಕೆ ಅಂಟಿಸಿದ್ದಾರೆ, ಆಟದ ನಿಯಮದೊಳಗೆ ಇಳಿಸಿಲ್ಲ.

ಇದೇ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಸುಣ್ಣದಕಲ್ಲಿನಿಂದ ಐದೈದು ಮನೆ ಗೆರೆ ಎಳೆದು ಚೌಕಾಬಾರ ಆಡಲು ಕೂತಾಗ ನೋಡಬೇಕು. ನಾಲ್ಕು ಹುಣಸೆಬೀಜಗಳನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಕವಡೆ ಬೇಕಿಲ್ಲ. "ಏ, ಆ ಕಾಯಿ ನಡಸಬ್ಯಾಡೋ, ಕಡೀತಾರ!" ಎಂದು ಜೊತೆಯವ ಎಚ್ಚರಿಸುತ್ತಾನೆ. ಬಿದ್ದದ್ದು ಮೂರು, ಅಂಗಳದಲ್ಲಿ ನಾಲ್ಕು ಕಾಯಿ. ಯಾವುದನ್ನು ನಡೆಸಲಿ? ಯಾರೂ ಕಡಿಯಲಾಗದ ಕಟ್ಟೆಮನೆಗೆ ಸೇರಿಸಲೋ, ಎದುರಿನವನನ್ನು ಕಡಿಯಲೋ? ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಒಳಸುತ್ತಿಗೆ ಹೋಗದೆ ಕಾಯಿ ನಡುಮನೆ ಸೇರಿ ಹಣ್ಣಾಗುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಜೀವನ ಕೌಶಲಗಳ ಪಟ್ಟಿಯಲ್ಲಿರುವ ನಿರ್ಧಾರ ಕೈಗೊಳ್ಳುವಿಕೆ ಎಂದರೆ ಇದೇ.

ಗಣಿತವೂ ಇದರೊಳಗೇ ಇದೆ. ನಾಲ್ಕು ಬೀಜಗಳು ಬೀಳುವ ಬಗೆ ಒಟ್ಟು 16. ಎರಡು ಬಿಳಿ ಬರುವುದು 6 ಬಗೆ, ಒಂದು ಮತ್ತು ಮೂರು ತಲಾ 4 ಬಗೆ, ನಾಲ್ಕೂ ಬಿಳಿಯಾದ ನಾಲ್ಕರ ಚೌಕ ಮತ್ತು ನಾಲ್ಕೂ ಕಪ್ಪಾದ ಎಂಟರ ಬಾರ ತಲಾ ಒಂದೇ ಬಗೆ. ಬಾರ ಬಿದ್ದಾಗ ಮಕ್ಕಳು ಯಾಕೆ ಕುಣಿಯುತ್ತಾರೆ ಎಂದು ಕೇಳಿದರೆ ಸಾಕು, ಸಂಭವನೀಯತೆಯ ಪಾಠ ಶುರುವಾಯಿತು.

ಹೊಸ ಆಟಕ್ಕೂ ನಮ್ಮ ಊರುಗಳಲ್ಲಿ ವಸ್ತುವಿನ ಕೊರತೆ ಇಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನೆಲದ ಮೇಲೆ ಹೊಳೆ ಬರೆಯಿರಿ, ನಾಲ್ಕು ತಾಲ್ಲೂಕಿಗೆ ನಾಲ್ವರು ಮಕ್ಕಳು, ನೀರಿಗೆ ಒಂದು ಹಿಡಿ ಜೋಳ. ಮೇಲಿನವನು ಎಷ್ಟು ಎತ್ತಿಕೊಂಡರೆ ಕೆಳಗಿನವನಿಗೆ ಎಷ್ಟು ಉಳಿಯುತ್ತದೆ? ಈ ಹೊಳೆಯ ನವಿಲುತೀರ್ಥ ಅಣೆಕಟ್ಟಿನ ಗೇಟು ಯಾವಾಗ ತೆಗೆಯಬೇಕು? 2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ಊರು ಮರೆತಿಲ್ಲ. ಆ ಆಟದಲ್ಲಿ ವ್ಯವಕಲನವೂ ಬರುತ್ತದೆ, ನೆರೆಯವನ ಚಿಂತೆಯೂ ಬರುತ್ತದೆ.

ಇಂಥ ಆಟಗಳನ್ನು ಮಾಡಬಲ್ಲವರು ಆಯಾ ಊರಿನ ಶಿಕ್ಷಕರೇ. ನಲಿ-ಕಲಿ ಹುಟ್ಟಿದ್ದೂ ಶಿಕ್ಷಕರ ಕೈಯಿಂದಲೇ. ಅಚ್ಚಾಗಿ ಬಂದ ಕಲಿಕಾ ಕಾರ್ಡುಗಳ ನಡುವೆ ಏಣಿಯ ಪ್ರತಿ ಮೈಲಿಗಲ್ಲಿಗೆ ಒಂದು ಖಾಲಿ ಕಾರ್ಡು ಇಡಲಿ. ಅದರಲ್ಲಿ ಏನು ಆಡಿಸಬೇಕೆಂಬುದನ್ನು ಶಿಕ್ಷಕರೂ ಮಕ್ಕಳೂ ಸೇರಿ ಬರೆಯಲಿ.