ಕನ್ನಡಿ ಹಿಡಿಯಲು ಇನ್ನೊಬ್ಬರು ಬೇಕು

ಗ್ರೀಕ್ ಚಿಂತನೆಯಿಂದ ಬಂದದ್ದೆಂದು ಇವತ್ತು ಎಲ್ಲರ ಬಾಯಲ್ಲೂ ಓಡಾಡುವ ಮಾತು ಒಂದಿದ್ದರೆ ಅದು ಮನುಷ್ಯ ತನ್ನನ್ನು ತಾನು ಅರಿಯಬೇಕು ಎಂಬುದು. ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಇದನ್ನು ಒಳಗೆ ಅಡಗಿರುವ ಶಕ್ತಿಯನ್ನು ಕಂಡುಕೊಳ್ಳುವ ಕರೆಯೆಂದು ಹೇಳಿಕೊಡುತ್ತಾರೆ. ವೇದಾಂತದ ಗಾಳಿ ಸೋಕಿರುವ ನಮ್ಮ ಓದುಗರು ಇದನ್ನು ಕೇಳಿದೊಡನೆ ನಮ್ಮವರೂ ಇದನ್ನೇ ಹೇಳಿದ್ದಾರಲ್ಲ ಎಂದು ತಲೆದೂಗುತ್ತಾರೆ. ಡೆಲ್ಫಿಯ ಅಪೊಲೊ ಗುಡಿಯ ಮುಂಭಾಗದಲ್ಲಿ ಈ ಮಾತಿನ ಜೊತೆಗೆ ಬರೆದಿದ್ದ ಇನ್ನೆರಡು ಮಾತುಗಳನ್ನು ನೋಡಿದರೆ ಈ ಎರಡು ಅರ್ಥಗಳೂ ಸಡಿಲವಾಗುತ್ತವೆ. ಯಾವುದೂ ಅತಿಯಾಗಬಾರದು ಎಂಬುದು ಒಂದು; ಜಾಮೀನು ನಿಂತರೆ ಕೇಡು ತಪ್ಪಿದ್ದಲ್ಲ ಎಂಬುದು ಇನ್ನೊಂದು. ಜಾಮೀನಿನ ಎಚ್ಚರಿಕೆಯ ಪಕ್ಕದಲ್ಲಿ ನಿಂತಿರುವ ಮಾತಿನಿಂದ ಬ್ರಹ್ಮಜ್ಞಾನ ಹಿಂಡಲು ಹೊರಡುವುದು ಸ್ವಲ್ಪ ದುಬಾರಿ ಸಾಹಸವೇ.

ಹಳೆಯ ಗ್ರೀಕರಿಗೆ ಇದು ಗದರಿಕೆಯ ಮಾತಾಗಿತ್ತು. ನೀನು ದೇವರಲ್ಲ, ಸಾಯುವವನು, ನಿನ್ನ ಅಳತೆ ತಿಳಿದಿರಲಿ ಎಂದು ಅದರ ಇಂಗಿತ. ಈಸ್ಕಿಲಸ್‌ನ ಹೆಸರಿನಲ್ಲಿ ಉಳಿದಿರುವ ಪ್ರೊಮಿಥಿಯಸ್ ನಾಟಕದಲ್ಲಿ, ಬಂಡೆಗೆ ಬಿಗಿಸಿಕೊಂಡಿರುವ ನಾಯಕನಿಗೆ ಓಶಿಯಾನಸ್ ಬಂದು ಈ ಬುದ್ಧಿಯನ್ನೇ ಹೇಳುತ್ತಾನೆ. ಅಲ್ಲಿ ಅದರ ಅರ್ಥ: ಹೊಸ ದೊರೆ ಬಂದಿದ್ದಾನೆ, ತಗ್ಗಿ ನಡೆ. ಜೆನೊಫನ್ ಬರೆದ ಕತೆಯೊಂದರಲ್ಲಿ ಲಿಡಿಯಾದ ದೊರೆ ಕ್ರೀಸಸ್‌ಗೆ, ನಿನ್ನನ್ನು ನೀನು ತಿಳಿದುಕೊಂಡರೆ ಸುಖವಾಗಿ ಬಾಳುತ್ತೀಯೆ ಎಂಬ ದೈವವಾಣಿ ಸಿಗುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ಸುಲಭದ್ದು ಯಾವುದಿದೆ ಎಂದುಕೊಂಡು ಅವನು ಹಿಗ್ಗುತ್ತಾನೆ. ಸೈರಸ್‌ಗೆ ಸೋತು ಸೆರೆಯಾದ ಮೇಲೆ ಆ ಸುಲಭದ ಬೆಲೆ ಅವನಿಗೆ ತಿಳಿಯುತ್ತದೆ.

ಈ ಮಾತಿನ ಆಳವನ್ನು ತತ್ತ್ವಜ್ಞಾನಿಗಳಿಗಿಂತ ಮೊದಲು ಕಂಡವರಲ್ಲಿ ಸೊಫೋಕ್ಲೀಸ್ ಒಬ್ಬ. ಪಿ. ಲಂಕೇಶರ ಅನುವಾದದಿಂದ ಕನ್ನಡಿಗರಿಗೂ ಪರಿಚಿತನಾದ ಈಡಿಪಸ್ ಸ್ಫಿಂಕ್ಸ್ ಒಡ್ಡಿದ ಒಗಟನ್ನು ಬಿಡಿಸಿದವನು. ಆ ಒಗಟಿಗೆ ಉತ್ತರ ‘ಮನುಷ್ಯ’. ಮನುಷ್ಯನೆಂದರೆ ಏನೆಂದು ಥೀಬ್ಸ್ ನಗರದಲ್ಲೆಲ್ಲ ಬಲ್ಲವನು ಅವನೊಬ್ಬನೇ. ತಾನು ಯಾರ ಮಗ, ಯಾರ ಗಂಡ ಎಂಬುದು ಮಾತ್ರ ಗೊತ್ತಿಲ್ಲ. ಆ ಸತ್ಯ ಅವನಿಗೆ ಒಳಗಿನಿಂದ ಹೊಳೆಯುವುದಿಲ್ಲ. ಕುರುಡ ಟೈರೀಸಿಯಸ್, ಕೊರಿಂತ್‌ನಿಂದ ಬಂದ ದೂತ, ಹೆದರುತ್ತ ಬಾಯಿಬಿಡುವ ಮುದಿ ಕುರುಬ, ಇವರ ಮಾತುಗಳನ್ನು ಜೋಡಿಸಿದಾಗಲೇ ಅದು ಹೊರಬೀಳುವುದು. ಆ ಕುರುಬ ಒಬ್ಬ ಗುಲಾಮ ಎಂಬುದನ್ನು ನೆನಪಿನಲ್ಲಿಡಬೇಕು.

ಸಾಕ್ರಟೀಸ್ ಬಂದಾಗ ಗದರಿಕೆ ತನಿಖೆಯಾಯಿತು. ಅವನಿಗಿಂತ ವಿವೇಕಿ ಯಾರೂ ಇಲ್ಲವೆಂದು ಡೆಲ್ಫಿಯ ಪೂಜಾರಿಣಿ ಗೆಳೆಯ ಕೈರಫೋನನಿಗೆ ಹೇಳಿದಳಂತೆ. ಅದು ನಿಜವೋ ಎಂದು ನೋಡಲು ಸಾಕ್ರಟೀಸ್ ರಾಜಕಾರಣಿಗಳು, ಕವಿಗಳು, ಕುಶಲಕರ್ಮಿಗಳು ಎಂದು ಒಬ್ಬೊಬ್ಬರನ್ನೇ ಪ್ರಶ್ನಿಸುತ್ತ ಅಥೆನ್ಸ್ ಸುತ್ತಿದ. ಕುಶಲಕರ್ಮಿಗಳ ಬಗ್ಗೆ ಅವನು ಕೊಟ್ಟ ತೀರ್ಪು ನ್ಯಾಯವಾದದ್ದು: ಅವರಿಗೆ ತಮ್ಮ ಕಸುಬು ನಿಜವಾಗಿಯೂ ಗೊತ್ತಿತ್ತು, ಆದರೆ ಅದು ಗೊತ್ತಿದೆಯೆಂಬ ಧೈರ್ಯದ ಮೇಲೆ ಮಿಕ್ಕಿದ್ದೆಲ್ಲವೂ ಗೊತ್ತೆಂದುಕೊಂಡಿದ್ದರು. ತನಗೆ ಏನು ಗೊತ್ತಿಲ್ಲವೋ ಅದು ಗೊತ್ತಿಲ್ಲವೆಂಬ ಅರಿವಷ್ಟೇ ತನ್ನ ಹೆಚ್ಚುಗಾರಿಕೆ ಎಂದು ಅವನು ತೀರ್ಮಾನಿಸಿದ. ಕ್ರಿ.ಪೂ. 399ರಲ್ಲಿ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು; ಮೂವತ್ತು ಮತಗಳು ಆಚೀಚೆ ಆಗಿದ್ದರೆ ಬಿಡುಗಡೆಯಾಗುತ್ತಿತ್ತೆಂದು ಪ್ಲೇಟೊ ಅವನ ಬಾಯಲ್ಲೇ ಹೇಳಿಸಿದ್ದಾನೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ತನ್ನ ಅರಿವಿನ ಬಗ್ಗೆ ಸಾಕ್ರಟೀಸ್ ಮಾಡಿದ ತೀರ್ಮಾನಕ್ಕಿಂತ ಅದಕ್ಕೆ ಅವನು ಹಿಡಿದ ದಾರಿ. ಆತ್ಮಪರೀಕ್ಷೆಗೆ ಅವನು ಗುಹೆಗೆ ಹೋಗಲಿಲ್ಲ, ಪೇಟೆಗೆ ಹೋದ. ‘ಆಲ್ಸಿಬಿಯಾಡೀಸ್’ ಎಂಬ ಸಂವಾದದಲ್ಲಿ ಈ ದಾರಿಗೆ ಒಂದು ಚಿತ್ರ ಸಿಗುತ್ತದೆ. ಅದು ಪ್ಲೇಟೊನದೇ ಹೌದೋ ಎಂಬ ವಾದ ಹತ್ತೊಂಬತ್ತನೆಯ ಶತಮಾನದಿಂದ ನಡೆದಿದೆ. ಚಿತ್ರಕ್ಕೆ ಅದರಿಂದ ನಷ್ಟವಿಲ್ಲ. ಕಣ್ಣು ತನ್ನನ್ನು ತಾನು ಕಾಣಬೇಕಾದರೆ ಇನ್ನೊಂದು ಕಣ್ಣಿನ ಪಾಪೆಯಲ್ಲಿ ನೋಡಿಕೊಳ್ಳಬೇಕು, ಹಾಗೆಯೇ ಒಂದು ಆತ್ಮ ಇನ್ನೊಂದರಲ್ಲಿ. ‘ಗಾರ್ಜಿಯಸ್’ ಸಂವಾದದಲ್ಲಿ ಇದೇ ಮಾತು ಒರೆಗಲ್ಲಿನ ರೂಪದಲ್ಲಿ ಬರುತ್ತದೆ. ತನ್ನನ್ನು ಒರೆಹಚ್ಚಿ ನೋಡುವವನಿಗೆ ಮೂರು ಗುಣ ಇರಬೇಕು ಎನ್ನುತ್ತಾನೆ ಸಾಕ್ರಟೀಸ್: ತಿಳಿವಳಿಕೆ, ಹಿತ ಬಯಸುವ ಮನಸ್ಸು, ಮುಲಾಜಿಲ್ಲದೆ ಮಾತಾಡುವ ಧೈರ್ಯ. ಎದುರಾಳಿ ಕ್ಯಾಲಿಕ್ಲೀಸ್‌ನಲ್ಲಿ ಈ ಮೂರೂ ಇವೆಯೆಂದು ಅವನು ಸಂಭ್ರಮಪಡುತ್ತಾನೆ. ಆದರೆ ಮಾತು ಬೆಳೆಯುತ್ತ ಹೋದಂತೆ ಕ್ಯಾಲಿಕ್ಲೀಸ್ ಮುನಿಸಿಕೊಂಡು ಉತ್ತರಿಸಲು ಒಲ್ಲೆ ಎನ್ನುತ್ತಾನೆ. ಪ್ರಶ್ನೆಯನ್ನೂ ಉತ್ತರವನ್ನೂ ಸಾಕ್ರಟೀಸ್ ಒಬ್ಬನೇ ಹೇಳಿಕೊಂಡು ಮುಂದುವರಿಯಬೇಕಾಗುತ್ತದೆ. ಒರೆಗಲ್ಲೇ ಎದ್ದು ಹೋದ ಮೇಲೆ ಚಿನ್ನದ ಗತಿ ಏನು? ಸಾಕ್ರಟೀಸನ ಪದ್ಧತಿಯ ದೊಡ್ಡ ಕೊರತೆ ಇಲ್ಲಿ ಬಯಲಾಗುತ್ತದೆ. ಎಲ್ಲರನ್ನೂ ಪರೀಕ್ಷಿಸಿದವನನ್ನು ಅದೇ ಪಟ್ಟಿನಿಂದ ಪರೀಕ್ಷಿಸಿದವರು ಯಾರು? ಪ್ಲೇಟೊನ ಪುಟಗಳಲ್ಲಿ ಅಂಥವರು ಬಲು ವಿರಳ.

ಇದಕ್ಕಿಂತ ದೊಡ್ಡ ಆರೋಪವನ್ನು ಪ್ಲೇಟೊ ತಾನೇ ಬರೆದಿಟ್ಟಿದ್ದಾನೆ. ಅದು ‘ಕಾರ್ಮಿಡೀಸ್’. ಪೊಟಿಡಿಯಾದ ದಂಡಿನಿಂದ ಊರಿಗೆ ಮರಳಿದ ಸಾಕ್ರಟೀಸ್ ಗರಡಿಮನೆಗೆ ಬರುತ್ತಾನೆ. ಅಲ್ಲಿ ಕಾರ್ಮಿಡೀಸ್ ಎಂಬ ಚೆಲುವ ಹುಡುಗ. ಬೆಳಗ್ಗೆ ಎದ್ದರೆ ಅವನಿಗೆ ತಲೆನೋವು. ತನ್ನ ಬಳಿ ಒಂದು ಎಲೆಯೂ ಒಂದು ಮಂತ್ರವೂ ಇದೆ, ಆದರೆ ಆತ್ಮಕ್ಕೆ ಮದ್ದು ಮಾಡದೆ ತಲೆಗೆ ಮದ್ದು ಮಾಡುವಂತಿಲ್ಲ ಎಂದು ಸಾಕ್ರಟೀಸ್ ಮಾತು ತೆಗೆಯುತ್ತಾನೆ. ಸಂಯಮವೆಂದರೇನು ಎಂಬ ಚರ್ಚೆ ಶುರುವಾಗಿ, ಹುಡುಗನ ಪೋಷಕ ಕ್ರಿಟಿಯಾಸ್ ಅದರೊಳಕ್ಕೆ ಬಂದು, ಸಂಯಮವೆಂದರೆ ತನ್ನನ್ನು ತಾನು ಅರಿಯುವುದೇ ಎಂದು ಡೆಲ್ಫಿಯ ಮಾತನ್ನು ಎತ್ತಿ ಹಿಡಿಯುತ್ತಾನೆ. ಸಾಕ್ರಟೀಸ್ ಇದನ್ನು ಒಪ್ಪುವನೆಂದು ನಾವು ಕಾಯುತ್ತೇವೆ. ಅವನು ಅದನ್ನು ಬಿಡಿಬಿಡಿಯಾಗಿ ಬಿಚ್ಚುತ್ತಾನೆ. ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ಅರಿವೇ ವಿವೇಕವಾದರೆ, ವೈದ್ಯ ಬಾರದವನು ನಿಜವೈದ್ಯನನ್ನೂ ಅಳಲೆಕಾಯಿ ಪಂಡಿತನನ್ನೂ ಬೇರ್ಪಡಿಸುವುದು ಹೇಗೆ? ಅದಕ್ಕೆ ವೈದ್ಯವೇ ಗೊತ್ತಿರಬೇಕಲ್ಲ! ಹೋಗಲಿ, ಬಲ್ಲವರಷ್ಟೇ ಹಡಗು ನಡೆಸುವ, ಮದ್ದು ಕೊಡುವ, ದಂಡು ನಡೆಸುವ ಊರೊಂದನ್ನು ಕಲ್ಪಿಸಿಕೊಳ್ಳೋಣ. ಕೆಲಸಗಳೆಲ್ಲ ಅಚ್ಚುಕಟ್ಟಾಗುತ್ತವೆ. ಜನ ಸುಖವಾಗಿರುತ್ತಾರೆಯೆ? ಒಳಿತು ಕೆಡುಕುಗಳ ಅರಿವಿಲ್ಲದಿದ್ದರೆ ಇಲ್ಲ, ಮತ್ತು ಆ ಅರಿವು ತನ್ನನ್ನು ತಾನು ಅರಿಯುವುದಕ್ಕಿಂತ ಬೇರೆಯದು. ಸಂವಾದ ಉತ್ತರವಿಲ್ಲದೆ ನಿಲ್ಲುತ್ತದೆ.

ಅಥೆನ್ಸಿನ ಓದುಗರಿಗೆ ಈ ಸೋಲು ಬರಿಯ ತರ್ಕದ್ದಾಗಿರಲಾರದು. ಕ್ರಿ.ಪೂ. 404ರಲ್ಲಿ ಸ್ಪಾರ್ಟಾದ ಬೆಂಬಲದಿಂದ ಅಥೆನ್ಸನ್ನು ಹಿಡಿದ ಮೂವತ್ತು ಮಂದಿ ನಿರಂಕುಶರ ಮುಂದಾಳು ಇದೇ ಕ್ರಿಟಿಯಾಸ್. ಅವರು ಕೊಲ್ಲಿಸಿದವರು ಒಂದೂವರೆ ಸಾವಿರಕ್ಕೆ ಕಡಿಮೆಯಿಲ್ಲವೆಂದು ಅರಿಸ್ಟಾಟಲನ ಹೆಸರಿನ ‘ಅಥೆನ್ಸಿನ ಸಂವಿಧಾನ’ ಹೇಳುತ್ತದೆ. ಪಿರೇಯಸ್ ಬಂದರನ್ನು ಅವರ ಪರವಾಗಿ ಆಳಿದ ಹತ್ತು ಜನರಲ್ಲಿ ಆ ತಲೆನೋವಿನ ಹುಡುಗ ಕಾರ್ಮಿಡೀಸನೂ ಇದ್ದ. ಕ್ರಿ.ಪೂ. 403ರ ಕದನದಲ್ಲಿ ಇಬ್ಬರೂ ಸತ್ತರು. ಇವರು ಪ್ಲೇಟೊನ ತಾಯಿಯ ಕಡೆಯ ನೆಂಟರು, ಕಾರ್ಮಿಡೀಸ್ ಸೋದರಮಾವ. ಸಂವಾದದ ಕೊನೆಯಲ್ಲಿ ಇಬ್ಬರೂ ನಗುನಗುತ್ತ ಏನೋ ಸಂಚು ಮಾಡುತ್ತಾರೆ, ಬಲಪ್ರಯೋಗಕ್ಕೂ ಸಿದ್ಧ ಎಂದು ತಮಾಷೆ ಮಾಡುತ್ತಾರೆ, ವಿಚಾರಣೆಯೂ ಇಲ್ಲವೆ ಎಂದು ಸಾಕ್ರಟೀಸ್ ಕೇಳುತ್ತಾನೆ. ಮುಂದೆ ನಡೆದದ್ದು ಗೊತ್ತಿದ್ದವರಿಗೆ ಆ ನಗುವಿನಲ್ಲಿ ರಕ್ತದ ವಾಸನೆ ಬರುತ್ತದೆ. ಸಾಕ್ರಟೀಸ್ ಸತ್ತು ಅರ್ಧ ಶತಮಾನ ಕಳೆದ ಮೇಲೂ, ಕ್ರಿಟಿಯಾಸ್‌ನ ಗುರುವೆಂದೇ ನೀವು ಅವನನ್ನು ಕೊಂದಿರಿ ಎಂದು ಈಸ್ಕಿನೀಸ್ ಎಂಬ ವಾಗ್ಮಿ ನ್ಯಾಯಾಲಯದಲ್ಲಿ ಹೇಳಬಹುದಾಗಿತ್ತು.

ಗುರುವಿನ ಮೇಲೆ ಶಿಷ್ಯರ ಪಾಪ ಹೊರಿಸುವುದು ಸರಿಯಲ್ಲ. ಮೂವತ್ತು ಮಂದಿಯ ಆಳ್ವಿಕೆಯಲ್ಲಿ ಸಲಾಮಿಸ್‌ನ ಲಿಯೋನನನ್ನು ಹಿಡಿದು ತರಲು ಆಜ್ಞೆಯಾದಾಗ ಸಾಕ್ರಟೀಸ್ ಸುಮ್ಮನೆ ಮನೆಗೆ ನಡೆದವನು. ಆದರೂ ಆತ್ಮಾವಲೋಕನದ ಮಾತು ಚೆನ್ನಾಗಿ ಆಡಬಲ್ಲವನು ಕೊಲೆಗಡುಕನೂ ಆಗಬಲ್ಲ ಎಂಬುದನ್ನು ಈ ಪರಂಪರೆ ತನ್ನ ಮನೆಯಂಗಳದಲ್ಲೇ ಕಂಡಿತು. ಅದನ್ನು ಮುಚ್ಚಿಡದೆ ನಾಟಕದ ಹಾಗೆ ಬರೆದಿಟ್ಟದ್ದು ಪ್ಲೇಟೊನ ದೊಡ್ಡತನ.

ಅರಿಸ್ಟಾಟಲ್ ಈ ತೊಡಕನ್ನು ಬೇರೆ ಕಡೆಯಿಂದ ಹಿಡಿದ. ಥೇಲೀಸ್, ಅನಕ್ಸಾಗೊರಸ್‌ರಂಥವರಿಗೆ ವಿಶ್ವದ ದೊಡ್ಡ ಸತ್ಯಗಳು ಗೊತ್ತು, ತಮಗೇನು ಹಿತ ಎಂಬುದು ಗೊತ್ತಿಲ್ಲ. ಪೆರಿಕ್ಲೀಸ್‌ನಂಥವನಿಗೆ ತನಗೂ ಊರಿಗೂ ಏನು ಹಿತ ಎಂಬುದು ಕಾಣುತ್ತದೆ. ಜ್ಞಾನ ಬೇರೆ, ಬದುಕಿನ ವಿವೇಕ ಬೇರೆ. ಎರಡನೆಯದು ಅನುಭವವಿಲ್ಲದೆ ಬಾರದು, ಆದ್ದರಿಂದ ಹುಡುಗರಲ್ಲಿ ಗಣಿತಜ್ಞರಿರಬಹುದು, ವಿವೇಕಿಗಳು ಸಿಗುವುದು ಕಷ್ಟ. ಇದು ಗಟ್ಟಿಯಾದ ಮಾತು. ಅವನ ಹೆಸರಿನಲ್ಲಿರುವ ‘ಮ್ಯಾಗ್ನಾ ಮೊರಾಲಿಯ’ದಲ್ಲಿ ಇನ್ನೂ ಒಳ್ಳೆಯ ಮಾತಿದೆ: ಬೇರೆಯವರಲ್ಲಿ ಆಡಿಕೊಳ್ಳುವ ತಪ್ಪನ್ನೇ ನಾವೂ ಮಾಡುತ್ತಿರುತ್ತೇವೆ, ನಮಗದು ಕಾಣದು, ಮುಖ ನೋಡಿಕೊಳ್ಳಲು ಕನ್ನಡಿ ಹೇಗೋ, ನಮ್ಮನ್ನು ನೋಡಿಕೊಳ್ಳಲು ಗೆಳೆಯ ಹಾಗೆ.

ಆದರೆ ಎಂಥ ಗೆಳೆಯ? ಸರಿಸಮನಾದ, ಸದ್ಗುಣಿಯಾದ, ಬಿಡುವುಳ್ಳ ಗಂಡಸು. ಗುಲಾಮನಿಗೆ ಯೋಚಿಸಿ ನಿರ್ಧರಿಸುವ ಶಕ್ತಿಯೇ ಇಲ್ಲ, ಹೆಣ್ಣಿಗೆ ಇದ್ದರೂ ಅದಕ್ಕೆ ಅಧಿಕಾರವಿಲ್ಲ ಎಂದು ‘ಪಾಲಿಟಿಕ್ಸ್’ನಲ್ಲಿ ಬರೆದವನೂ ಅರಿಸ್ಟಾಟಲನೇ. ಯಜಮಾನನ ಸಿಡುಕು, ಜಿಪುಣತನ, ಹೇಡಿತನಗಳನ್ನು ದಿನವೂ ಹತ್ತಿರದಿಂದ ಕಾಣುವವರು ಮನೆಯ ಹೆಂಗಸರು ಮತ್ತು ಆಳುಗಳು. ಅವರ ಬಾಯಿ ಕಟ್ಟಿ, ತನ್ನಂತೆಯೇ ಇರುವ ಗೆಳೆಯನನ್ನು ಎದುರಿಗೆ ಕೂರಿಸಿಕೊಂಡರೆ ಕಾಣುವುದು ತನಗೆ ಬೇಕಾದ ಮುಖವೇ. ನಕ್ಷತ್ರ ನೋಡುತ್ತ ಬಾವಿಗೆ ಬಿದ್ದ ಥೇಲೀಸನನ್ನು ಕಂಡು ನಕ್ಕ ಥ್ರೇಸಿನ ದಾಸಿಗೆ ಪ್ಲೇಟೊ ಒಂದು ಚಾಟಿಮಾತನ್ನಷ್ಟೇ ಕೊಟ್ಟ. ಅವಳನ್ನು ಕೂರಿಸಿಕೊಂಡು ಸಂವಾದ ಬರೆಯಲಿಲ್ಲ. ಪ್ರೇಮದ ತತ್ತ್ವವನ್ನು ಸಾಕ್ರಟೀಸನಿಗೆ ಕಲಿಸಿದ ದಿಯೊಟಿಮಾ ಕೂಡ ‘ಸಿಂಪೋಸಿಯಂ’ನ ಔತಣದಲ್ಲಿ ಹಾಜರಿಲ್ಲ, ಅವನ ನೆನಪಿನಲ್ಲಿ ಬಂದು ಹೋಗುತ್ತಾಳೆ. ಹೆಂಗಸರನ್ನೂ ಗುಲಾಮರನ್ನೂ ತನ್ನ ತೋಟದ ಶಾಲೆಗೆ ಸೇರಿಸಿಕೊಂಡ ಎಪಿಕ್ಯೂರಸ್ ಈ ವಿಷಯದಲ್ಲಿ ಪ್ಲೇಟೊನ ಅಕಾಡೆಮಿಗಿಂತಲೂ ಅರಿಸ್ಟಾಟಲನ ಲೈಸಿಯಮ್‌ಗಿಂತಲೂ ಉದಾರಿ.

ಗುಲಾಮನೊಬ್ಬನೇ ಗುರುಪೀಠವೇರಿದ್ದು ಸ್ಟೋಯಿಕ್ ಪಂಥದಲ್ಲಿ. ಫ್ರಿಜಿಯಾದ ಹಿಯರಪೊಲಿಸ್‌ನಲ್ಲಿ ಹುಟ್ಟಿ, ರೋಮ್‌ನಲ್ಲಿ ಎಪಫ್ರೊಡಿಟಸ್‌ನ ಆಳಾಗಿದ್ದು, ಬಿಡುಗಡೆಯಾಗಿ, ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞಾನಿಗಳನ್ನು ಓಡಿಸಿದಾಗ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ ಎಪಿಕ್ಟೀಟಸ್. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ವಿಂಗಡಣೆಯೇ ಅವನ ಪಾಠದ ಬುನಾದಿ. ಇದರ ಬಲ ದೊಡ್ಡದು: ದಾಸನಿಗೂ ದೊರೆಗೂ ಒಂದೇ ಪಾಠ. ಇದರ ನಷ್ಟವೂ ದೊಡ್ಡದು. ‘ನಾನು’ ಎಂಬುದು ಆಯ್ಕೆಮಾಡುವ ಒಂದು ಶಕ್ತಿಯಾಗಿ ಕುಗ್ಗಿದಾಗ, ಸಂಕೋಲೆ ಕಾಲಿಗಷ್ಟೇ, ನನಗಲ್ಲ ಎಂದುಬಿಡಬಹುದು. ಸಂಕೋಲೆ ಯಾಕಿದೆ ಎಂದು ಯಾರೂ ಕೇಳಬೇಕಾಗಿಲ್ಲ. ಎಪಿಕ್ಟೀಟಸನನ್ನು ಓದಿ ಬೆಳೆದ ಮಾರ್ಕಸ್ ಆರೀಲಿಯಸ್ ತನಗೆ ತಾನೇ ಬರೆದುಕೊಂಡ ಹನ್ನೆರಡು ಪುಸ್ತಕಗಳು ಮನಸ್ಸು ಕರಗಿಸುತ್ತವೆ, ನಿಜ. ಆದರೆ ಅಲ್ಲಿ ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ಅವನೇ. ಅಷ್ಟು ಕಟ್ಟುನಿಟ್ಟಾಗಿ ತನ್ನನ್ನು ಶೋಧಿಸಿಕೊಂಡವನು ಕ್ರಿ.ಶ. 177ರಲ್ಲಿ ಮಗ ಕೊಮೊಡಸ್‌ನನ್ನು ಸಹಚಕ್ರವರ್ತಿ ಮಾಡಿದ. ಆ ಮಗನ ದುರಾಡಳಿತದ ಫಲವನ್ನು ರೋಮ್ ಉಂಡಿತು. ಮುಂದೆ ತತ್ತ್ವಜ್ಞಾನಿ ಪ್ಲಾಟಿನಸ್‌ನ ಕಾಲಕ್ಕೆ ದಾರಿ ಪೂರ್ತಿ ಒಳಮುಖವಾಯಿತು. ನಮ್ಮವರು ತಲೆದೂಗುವುದು ಸರಿಯಾಗಿ ಈ ಗ್ರೀಕನಿಗೆ, ಡೆಲ್ಫಿಗಲ್ಲ.

ಹಳೆಯ ದಾರಿಯನ್ನು ಬಿಡದೆ ಉಳಿಸಿಕೊಂಡವನು ಮಾರ್ಕಸ್‌ನ ಆಸ್ಥಾನ ವೈದ್ಯ ಗ್ಯಾಲೆನ್. ಮನಸ್ಸಿನ ವಿಕಾರಗಳ ಮೇಲೆ ಅವನು ಬರೆದ ಚಿಕ್ಕ ಪುಸ್ತಕದ ಸಲಹೆ ಇಷ್ಟು: ತನ್ನ ಮೇಲಿನ ಮೋಹ ಕಣ್ಣು ಕಟ್ಟುವುದರಿಂದ, ಶ್ರೀಮಂತರ ಮನೆಬಾಗಿಲು ಕಾಯದ, ಯಾರನ್ನೂ ಹೊಗಳದ ಒಬ್ಬ ಹಿರಿಯನನ್ನು ಹುಡುಕಿ, ನನ್ನ ತಪ್ಪು ಕಂಡರೆ ಹೇಳು ಎಂದು ಬೇಡಿಕೊಳ್ಳಬೇಕು. ಕೆಲವು ದಿನ ಬಿಟ್ಟು ಅವನು ಏನೂ ತಪ್ಪು ಕಾಣಲಿಲ್ಲ ಎಂದರೆ ನಂಬಬಾರದು. ಅವನು ಗಮನಿಸಿಲ್ಲ, ಇಲ್ಲವೇ ಹೇಳಲು ಹಿಂಜರಿದಿದ್ದಾನೆ. ಆ ಹಿರಿಯ ಗಂಡಸೇ ಆಗಿರಬೇಕೆ ಎಂದು ಗ್ಯಾಲೆನ್‌ನನ್ನೂ ಕೇಳಬಹುದು. ಆದರೂ ಐದಾರು ಶತಮಾನಗಳ ಈ ಚರ್ಚೆಯಲ್ಲಿ ಕೈಗೆ ಸಿಗುವ, ಮಾಡಿ ನೋಡಬಹುದಾದ ವಿಧಾನ ನನ್ನ ಮಟ್ಟಿಗೆ ಇದೇ.

ಗ್ರೀಕ್ ವಿವೇಕದ ಓದನ್ನು ನಮ್ಮಲ್ಲಿ ಸಾಮಾನ್ಯವಾಗಿ ವಿಷದ ಬಟ್ಟಲಿನಿಂದ ಶುರುಮಾಡುತ್ತಾರೆ, ಎಷ್ಟೋ ಸಲ ಅಲ್ಲೇ ಮುಗಿಸುತ್ತಾರೆ. ಹುತಾತ್ಮನ ಕತೆಯಲ್ಲಿ ಎಲ್ಲ ಸಂದೇಹಗಳೂ ತೀರಿದಂತೆ ಕಾಣುತ್ತವೆ. ‘ಕಾರ್ಮಿಡೀಸ್’ ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕ ಪುಸ್ತಕ. ತರಗತಿಯಲ್ಲಿ ಸಾಕ್ರಟೀಸನನ್ನು ಕಲಿಸುವವರು ಅವನ ವಿಚಾರಣೆಯ ಜೊತೆಗೆ ಅದನ್ನೂ ಇಟ್ಟು, ಆ ಇಬ್ಬರು ನೆಂಟರು ಮುಂದೆ ಏನಾದರು ಎಂಬುದನ್ನೂ ಹೇಳಿಯೇ ಕಲಿಸಲಿ.